ಸಿದ್ದಿ ಫಕ್ಕೀರವ್ವನ ಕೌದಿ

ಸೂಜಿಗೆ ದಾರ ಪೋಣಿಸಿಕೊಳ್ಳಿ ತಾಯಂದಿರಾ. ನಿಮ್ಮ ಕೈ ನಿಂತರೆ ನನ್ನ ಕಥೆಯೂ ನಿಲ್ಲುತ್ತದೆ. ಆಮೇಲೆ ಮುದುಕಿ ಅರ್ಧಕ್ಕೇ ಬಿಟ್ಟಳು ಎಂದು ಗೊಣಗಬೇಡಿ.

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಒಂದು ಕೂದಲೂ ನರೆಯದಿದ್ದ ಕಾಲದಲ್ಲಿ, ಇದೇ ಕೆಂಚನಕೊಪ್ಪದಲ್ಲಿ, ಊರು ಮುಗಿದು ಕಾಡು ಶುರುವಾಗುವ ಕಡೆ ಒಂದು ಸಿದ್ದಿಕೇರಿ ಇತ್ತು. ಸಿದ್ದಿಗಳೆಂದರೆ ಗೊತ್ತಲ್ಲ, ಕಡಲಾಚೆಯ ದೇಶದಿಂದ ಹಡಗಿನಲ್ಲಿ ತುಂಬಿ ತಂದು, ದನ ಮಾರಿದ ಹಾಗೆ ಮಾರಿದ ಜನ. ಒಡೆಯರ ಕೈಯಿಂದ ತಪ್ಪಿಸಿಕೊಂಡು ಕಾಡು ಸೇರಿ, ಕಾಡನ್ನೇ ತವರು ಮಾಡಿಕೊಂಡವರು. ಮೈ ಕಪ್ಪು, ಕೂದಲು ಗುಂಗುರು ಎಂದು ಊರವರು ಅವರನ್ನು ಅಂಗಳದಾಚೆಗೇ ನಿಲ್ಲಿಸುತ್ತಿದ್ದರು. ಊರವರು ಎಂದರೆ ಬೇರೆ ಯಾರೋ ಅಲ್ಲ, ನಮ್ಮವರೇ. ಆ ಕೇರಿಯಲ್ಲಿ ಬಾಳವ್ವ ಎಂಬ ವಿಧವೆಗೆ ಒಂದೇ ಮಗು. ಫಕ್ಕೀರ ಎಂದು ಹೆಸರಿಟ್ಟಿದ್ದಳು.

ಗಂಡಸರು ಡಮಾಮಿ ಡೋಲು ಬಡಿಯಲು ಕೂತರೆ, ಈ ಫಕ್ಕೀರ ಹೋಗಿ ಹೆಂಗಸರ ನಡುವೆ ಕೌದಿ ಹೊಲಿಯಲು ಕೂರುತ್ತಿತ್ತಂತೆ. ಎಬ್ಬಿಸಿ ಕಳಿಸಿದರೆ ಮತ್ತೆ ಬಂದು ಕೂರುತ್ತಿತ್ತಂತೆ. ಹೊಡೆದರು, ಹರಕೆ ಹೊತ್ತರು, ಬೇವಿನ ಸೊಪ್ಪಿನಲ್ಲಿ ನಿವಾಳಿಸಿದರು. ಸೂಜಿ ಹಿಡಿದ ಕೈ ಸೂಜಿ ಬಿಡಲಿಲ್ಲ. ಮೀಸೆ ಚಿಗುರುವ ವಯಸ್ಸಿಗೆ ಮೈಮೇಲೆ ಎಲ್ಲಮ್ಮ ಬಂದಳು ಎಂದರು. ಹಾದಿಯಲ್ಲಿ ಹೋಗುತ್ತಿದ್ದ ಜೋಗತಿಯರ ಗುಂಪಿನ ಹಿರಿಯಳು ನಾಗೇಂದ್ರವ್ವ ಆ ಮುಖ ನೋಡಿದವಳೇ, ಇದು ನಮ್ಮ ಕೂಸು ಎಂದಳಂತೆ. ಮುತ್ತು ಕಟ್ಟಿದಳು, ಸೀರೆ ಉಡಿಸಿದಳು. ಫಕ್ಕೀರ ಫಕ್ಕೀರವ್ವ ಆದಳು.

ಹೊರಡುವ ದಿನ ಫಕ್ಕೀರವ್ವ ತಾಯಿಯ ಗುಡಿಸಲ ಮುಂದೆ ನಿಂತಳು. ಬಾಳವ್ವ ಕದ ತೆಗೆಯಲಿಲ್ಲ. ಹೊತ್ತು ಏರಿತು, ಕದ ತೆರೆಯಲಿಲ್ಲ. ಬೇಲಿಯ ಮೇಲೆ ತಾಯಿಯ ನೇರಳೆ ಬಣ್ಣದ ಸೀರೆ ಒಣಗುತ್ತಿತ್ತು. ಅದರ ಸೆರಗಿನಿಂದ ಅಂಗೈಯಗಲದ ಒಂದು ಚೂರು ಹರಿದುಕೊಂಡು ಫಕ್ಕೀರವ್ವ ಹೊರಟುಹೋದಳಂತೆ.

ಅಂದಿನಿಂದ ಬಾಳವ್ವ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು, ನನಗೊಬ್ಬ ಮಗನಿದ್ದ, ಸತ್ತ. ಆದರೆ ಆ ಸೀರೆಯ ಹರಿದ ಅಂಚನ್ನು ಮಾತ್ರ ಅವಳು ಮಡಿಸಿ ಹೊಲಿಯಲಿಲ್ಲ. ಕೇರಿಗೆಲ್ಲ ಕೌದಿ ಹೊಲಿಯುವ ಹೆಂಗಸು, ನಿನ್ನ ಸೆರಗಿಗೆ ನಾಲ್ಕು ಹೊಲಿಗೆ ಹಾಕಲು ಆಗದೇ ಎಂದು ನೆರೆಯವರು ನಕ್ಕರೆ, ದಾರ ಮುಗಿದಿದೆ ಎನ್ನುತ್ತಿದ್ದಳಂತೆ. ಇಪ್ಪತ್ತು ವರ್ಷ ಅವಳ ಮನೆಯಲ್ಲಿ ದಾರ ಮುಗಿದೇ ಇತ್ತು.

ಫಕ್ಕೀರವ್ವ ದೂರವೇನೂ ಹೋಗಲಿಲ್ಲ. ಊರಾಚೆಯ ಬಾವಿಯ ಬದಿಗೆ ನಾಗೇಂದ್ರವ್ವನ ಗುಡಿಸಲು. ಅಲ್ಲಿಯೇ ಏಳು ಜನ ಜೋಗತಿಯರ ಜೊತೆ ಇದ್ದಳು. ತಾಯಿ ನೀರಿಗೆ ಬಂದರೆ ಇವಳು ಎದ್ದು ನಿಲ್ಲುವಳು. ತಾಯಿ ಕೊಡ ತುಂಬಿಕೊಂಡು ತಿರುಗಿ ನೋಡದೆ ಹೋಗುವಳು. ಹೀಗೇ ನಡೆಯಿತು.

ಫಕ್ಕೀರವ್ವ ಊರಿನ ಮನೆಮನೆಗೂ ಬೇಕಾದವಳಾದಳು. ತೊಟ್ಟಿಲಿಗೆ ಹಾಕುವ ದಿನ ಅವಳು ಬಂದು ಹಾಡದಿದ್ದರೆ ಕೂಸಿಗೆ ಹೆಸರು ಹತ್ತುವುದಿಲ್ಲ ಎನ್ನುತ್ತಿದ್ದರು. ಹಾಡಿದ್ದಕ್ಕೆ ಅವಳು ದುಡ್ಡು ಮುಟ್ಟುತ್ತಿರಲಿಲ್ಲ. ಬಾಣಂತಿಯ ಹಳೆಯ ಸೀರೆಯ ಒಂದು ತುಂಡು ಕೇಳುತ್ತಿದ್ದಳು, ಅಷ್ಟೇ. ಆ ತುಂಡುಗಳನ್ನೆಲ್ಲ ಸೇರಿಸಿ ವರ್ಷವರ್ಷವೂ ಒಂದೇ ಕೌದಿ ಬೆಳೆಸುತ್ತಿದ್ದಳು. ಒಡಲಿಗೆ ಮೊದಲು ಇಟ್ಟದ್ದು ನೇರಳೆ ಚೂರು. ಅದರ ಸುತ್ತ ಗೌಡರ ಮನೆಯ ಹಳದಿ, ಕುಂಬಾರರ ಕೆಂಪು, ಅಗಸರ ಮಾಸಿದ ಹಸಿರು, ಹೀಗೆ ನಲವತ್ತು ಮನೆಯ ನಲವತ್ತು ತುಂಡು. ಹೊಲಿದು ಮುಗಿಸಿ ಬಾಯಿ ಮುಚ್ಚುವ ಮುನ್ನ ಒಂದು ಹಿಡಿ ಅಕ್ಕಿ, ಒಂದು ಚೂರು ಬೆಲ್ಲ ಒಳಗಿಟ್ಟು ಕೌದಿಯ ಹೊಟ್ಟೆ ತುಂಬಿಸುತ್ತಿದ್ದಳು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ನಾವು ಇಂದಿಗೂ ಹೇಳುವುದಿಲ್ಲವೇ, ಅದು ಅವಳಿಂದಲೇ ಬಂದ ಮಾತಂತೆ.

ಆ ಕೌದಿಯ ಮಹಿಮೆ ಒಂದೇ ಎರಡೇ. ಅದರ ಮೇಲೆ ಹಾವು ಹಾಯುತ್ತಿರಲಿಲ್ಲವಂತೆ. ಅದು ಮಳೆಯಲ್ಲಿ ನೆನೆಯುತ್ತಿರಲಿಲ್ಲವಂತೆ. ಇದನ್ನು ನಾನು ನಂಬುವುದಿಲ್ಲ, ಬಟ್ಟೆ ಎಂದಮೇಲೆ ನೆನೆಯಲೇಬೇಕು. ಆದರೆ ಗೌಡರ ಸೊಸೆ ನೀಲವ್ವನ ಕೂಸಿನ ಮಾತು ನಿಜ. ಹುಟ್ಟಿದ ಒಂಬತ್ತು ದಿನ ಕೂಸು ನೆಟ್ಟಗೆ ಮೊಲೆ ಹಿಡಿಯಲಿಲ್ಲ, ಕಣ್ಣು ಮುಚ್ಚಲಿಲ್ಲ, ಅತ್ತು ಅತ್ತು ನೀಲಿಗಟ್ಟಿತು. ಫಕ್ಕೀರವ್ವ ಬಂದು ಆ ಕೌದಿಯಲ್ಲಿ ಸುತ್ತಿ ಎದೆಗಾನಿಸಿಕೊಂಡು ಮೂರು ದಿನ ಮೂರು ರಾತ್ರಿ ಕೆಳಗಿಳಿಸದೆ ಓಡಾಡಿದಳಂತೆ. ನಾಲ್ಕನೆಯ ದಿನ ಕೂಸು ಹೊಟ್ಟೆ ತುಂಬ ಹಾಲು ಕುಡಿಯಿತು. ನೀಲವ್ವ ತನ್ನ ಮದುವೆಯ ಹಳದಿ ಸೀರೆಯನ್ನೇ ಹರಿದು ಒಂದು ತುಂಡು ಕೊಟ್ಟಳು. ಅಂಗಳದಾಚೆಗೆ ನಿಲ್ಲಬೇಕಾದವಳನ್ನು ಅಂದು ನಡುಮನೆಯಲ್ಲಿ ಕೂರಿಸಿ ಉಣಬಡಿಸಿದಳು.

ಹೀಗಿರುವಾಗ ಸರ್ಕಾರದಿಂದ ಕಾಯ್ದೆ ಬಂತು. ಯಾವ ಸರ್ಕಾರ, ಯಾವ ದೊರೆ ಎಂದು ಕೇಳಬೇಡಿ. ಬಡವರ ಮೇಲೆ ಕಾಯ್ದೆ ತರುವ ಸರ್ಕಾರ ಎಲ್ಲ ಕಾಲಕ್ಕೂ ಒಂದೇ. ಸಂತೆಯ ದಿನ ಡಂಗುರ ಸಾರಿದರು. ಗಂಡಾಗಿ ಹುಟ್ಟಿದವರು ಸೀರೆ ಕುಪ್ಪಸ ಉಟ್ಟು ಬೀದಿಗೆ ಬರಕೂಡದು. ಹಾಡಕೂಡದು, ಕುಣಿಯಕೂಡದು, ಪರರ ಕೂಸನ್ನು ಮುಟ್ಟಕೂಡದು. ಅಂಥವರೆಲ್ಲ ಚಾವಡಿಗೆ ಬಂದು ದಫ್ತರದಲ್ಲಿ ಗಂಡಸಿನ ಹೆಸರು ಬರೆಸಬೇಕು, ತಪ್ಪಿದರೆ ಸೆರೆಮನೆ.

ಮೊದಲು ಹಿಡಿದದ್ದು ನಾಗೇಂದ್ರವ್ವನನ್ನು. ಎಪ್ಪತ್ತು ದಾಟಿದ ಮುದುಕಿ. ಚಾವಡಿಯ ಮುಂದೆ ನಿಲ್ಲಿಸಿ ಕೂದಲು ಕತ್ತರಿಸಿದರು. ಸೀರೆ ಬಿಚ್ಚಿಸಿ ಪಂಚೆ ಕೊಟ್ಟು, ಬಿಚ್ಚಿದ ಸೀರೆಯನ್ನು ಮುದ್ದೆಮಾಲು ಎಂದು ಬರೆದು ಜಪ್ತಿ ಮಾಡಿದರು. ಮುದುಕಿ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಹದಿಮೂರು ದಿನ ಹಾಗೇ ಇದ್ದು ಪ್ರಾಣ ಬಿಟ್ಟಳು. ಸತ್ತಮೇಲೆ ನನಗೆ ಹಸಿರು ಸೀರೆ ಉಡಿಸಿ ಕಳಿಸಿ ಎಂದಷ್ಟೇ ಕೇಳಿದ್ದಳು. ಹೊತ್ತು ಹೊರಟಾಗ ಚಾವಡಿಯ ಜವಾನ, ಪಟ್ಟೇವಾಲ, ಅಡ್ಡ ಬಂದ. ಹೆಣವಾದರೇನು, ಬೀದಿ ಬೀದಿಯೇ ಎಂದ. ಹಸಿರು ಸೀರೆ ತೆಗೆಸಿ, ಪಂಚೆ ಸುತ್ತಿಸಿ ಕಳಿಸಿದರು.

ಮಣ್ಣು ಮಾಡಿ ಬಂದು ಫಕ್ಕೀರವ್ವ ಅನ್ನ ಮುಟ್ಟಲಿಲ್ಲ. ಹುಟ್ಟುವಾಗ ಯಾರು ಏನು ಸುತ್ತುತ್ತಾರೋ ನಮಗೆ ತಿಳಿಯುವುದಿಲ್ಲ, ಹೋಗುವಾಗಲಾದರೂ ಕೇಳಿ ಸುತ್ತಬಾರದೇ ಎಂದು ಅತ್ತಳಂತೆ. ಅತ್ತು ಮುಗಿಸಿ ಎದ್ದವಳೇ ಅದೇ ಹಸಿರು ಸೀರೆ ಉಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು, ಮೂರು ಹರದಾರಿ ನಡೆದು ಪೇಟೆಗೆ ಹೋಗಿ ನಡುಸಂತೆಯಲ್ಲಿ ನಿಂತಳು. ಹಿಡಿದು ಚಾವಡಿಗೆ ಒಯ್ದರು.

ಕಾರಕೂನ ದಫ್ತರ ತೆರೆದು ಹೆಸರು ಕೇಳಿದ.

"ಫಕ್ಕೀರವ್ವ ರೀ."

"ಖರೇ ಹೆಸರು ಹೇಳು."

"ಇದ ಖರೇದ್ದು. ಸುಳ್ಳು ಹೆಸರು ಸಣ್ಣಾಕಿದ್ದಾಗ ಇಟ್ಟಿದ್ರು."

ಮೊದಲೇ ಕಾಡಿನ ಕರಿ ಜಾತಿ, ಮೇಲೆ ಈ ಸೊಕ್ಕು ಬೇರೆ ಎಂದು ಕಾರಕೂನ ಬೈದ. ಸೀರೆ ಕಿತ್ತುಕೊಂಡು, ಎಂಟು ದಿನ ಕೂಡಿಹಾಕಿ ಬಿಟ್ಟರು. ಅವಳು ಬೇರೊಂದು ಸೀರೆ ಉಟ್ಟು ಮುಂದಿನ ಸಂತೆಗೆ ಹೋದಳು. ಅದನ್ನೂ ಕಿತ್ತುಕೊಂಡರು. ಮತ್ತೆ ಹೋದಳು. ಹೀಗೆ ಏಳು ಜೋಗತಿಯರ ಪೆಟ್ಟಿಗೆಯೂ ಬರಿದಾಯಿತು. ಚಾವಡಿಯ ಗೂಟಗಳ ಮೇಲೆ ಅವರ ಸೀರೆಗಳು ಧೂಳು ಕುಡಿಯುತ್ತ ತೂಗುತ್ತಿದ್ದವಂತೆ.

ಸೀರೆ ಮುಗಿದ ದಿನ ಫಕ್ಕೀರವ್ವ ತನ್ನ ಕೌದಿಯನ್ನು ಹರವಿ ನೋಡಿದಳು. ಆಮೇಲೆ ಅದನ್ನೇ ನೆರಿಗೆ ಹಿಡಿದು ನಡುವಿಗೆ ಸುತ್ತಿದಳು, ತುದಿಯನ್ನು ಹೆಗಲಿಗೆ ಎಸೆದಳು. ನಾಲ್ಕು ಪದರದ ಕೌದಿಗೆ ನೆರಿಗೆ ಹಿಡಿಯುವುದೆಂದರೆ ಹುಡುಗಾಟವಲ್ಲ, ಬೇಕಾದರೆ ನೀವು ಹಿಡಿದು ನೋಡಿ. ಹಾಗೆಯೇ ಸಂತೆಗೆ ಹೋದಳು. ಹಿಡಿದೊಯ್ದು ತಾಲೂಕಿನ ಅಧಿಕಾರಿ ಮಾಮಲೇದಾರನ ಮುಂದೆ ನಿಲ್ಲಿಸಿದರು.

"ಕಾಗದ ಇನ್ನೊಮ್ಮಿ ಓದ್ರಿ ಸಾಹೇಬ್ರ," ಎಂದಳಂತೆ. "ಸೀರಿ ಅಂತೈತಿ, ಕುಬಸ ಅಂತೈತಿ. ಕೌದಿ ಅಂತ ಎಲ್ಲೈತ್ರಿ? ಚಳಿಗಾಲಕ್ಕ ನೀವೂ ಹೊದಿತೀರಿ, ನಿಮ್ಮ ಮನಿಯವ್ರೂ ಹೊದಿತಾರ."

ಮಾಮಲೇದಾರ ಓದಿದ. ಮತ್ತೊಮ್ಮೆ ಓದಿದ. ಕೆಟ್ಟವನಲ್ಲ ಅವನು, ಕಾಗದ ನೋಡಿಯೇ ಬದುಕಿದವನು. ಕಾಗದದಲ್ಲಿ ಕೌದಿ ಇರಲಿಲ್ಲ. ಸಂತೆಯ ಜನವೆಲ್ಲ ಚಾವಡಿಯ ಕಿಟಕಿಗೆ ಜೋತುಬಿದ್ದು ನಗುತ್ತಿತ್ತು. ಅವಳನ್ನು ಬಿಟ್ಟು ಕಳಿಸಿ, ಏನು ಮಾಡಲಿ ಎಂದು ಮೇಲಿನವರಿಗೆ ಬರೆದ.

ಉತ್ತರ ಬರಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ಪ್ರತಿ ಸಂತೆಗೂ ಏಳು ಜೋಗತಿಯರು ಕೌದಿ ಉಟ್ಟು ಸಾಲಾಗಿ ನಡೆದರಂತೆ. ಮುಂದೆ ಫಕ್ಕೀರವ್ವ. ಸುಡುಬಿಸಿಲಿನ ಕಾಲ, ನೆಲ ಕಾದ ಹಂಚಿನಂತಿತ್ತು. ಕೌದಿಯೊಳಗೆ ಮೈ ಬೆಂದು ಬೊಕ್ಕೆ ಎದ್ದವು. ಒಬ್ಬಳು ಹಾದಿಯಲ್ಲೇ ಬಿದ್ದಳು, ಎಬ್ಬಿಸಿ ನೀರು ಕುಡಿಸಿ ಮತ್ತೆ ನಡೆದರು. ಹಾಡಕೂಡದು ಎಂದಿತ್ತಲ್ಲ, ಹಾಡಲಿಲ್ಲ. ಸುಮ್ಮನೆ ನಡೆದರು. ಊರ ಹೆಂಗಸರು ಹಾದಿಯ ಬದಿಗೆ ಮಜ್ಜಿಗೆ ಇಟ್ಟು ಕಾಯುತ್ತಿದ್ದರು. ತಮ್ಮ ತಮ್ಮ ತುಂಡನ್ನು ಬೆರಳಿಟ್ಟು ತೋರಿಸುತ್ತಿದ್ದರು, ನೋಡು ನಂದು ಅಲ್ಲೈತಿ, ನಿಂದು ಇಲ್ಲೈತಿ ಎಂದು. ಬಾವಿಯ ಬಳಿ ಬಾಳವ್ವ ಒಂದು ದಿನ ನಿಂತು ನೋಡಿದಳಂತೆ. ನಿಂತದ್ದೇ ದೊಡ್ಡದು ಎಂದು ಫಕ್ಕೀರವ್ವ ಅಂದು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ಉಂಡಳಂತೆ.

ಆಮೇಲೆ ಉತ್ತರ ಬಂತು. ಹೆಣ್ಣಿನ ರೀತಿಯಲ್ಲಿ ಉಟ್ಟ ಬಟ್ಟೆ ಯಾವುದಾದರೂ ಹೆಣ್ಣಿನ ಬಟ್ಟೆಯೇ. ಇಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಇನ್ನೂ ಒಂದು ಸಾಲಿತ್ತು. ಅಂಥವರಿಗೆ ಬಟ್ಟೆ ಕೊಟ್ಟವರೂ ಅಪರಾಧಿಗಳು, ಅವರಿಗೂ ಮೂರು ತಿಂಗಳ ಸಜೆ.

ಫಕ್ಕೀರವ್ವನನ್ನು ಹಿಡಿದರು. ಪಂಚೆ ಕೊಟ್ಟು ಚಾವಡಿಯ ಕಟ್ಟೆಯ ಮೇಲೆ ಕೂರಿಸಿದರು. ಕೆಂಚನಕೊಪ್ಪದ ಹೆಂಗಸರನ್ನೆಲ್ಲ ಪೇಟೆಗೆ ಕರೆಸಿ ಸಾಲಾಗಿ ನಿಲ್ಲಿಸಿದರು. ಪಟ್ಟೇವಾಲ ಚೂರಿ ತಂದು ಕೌದಿಯ ಹೊಲಿಗೆ ಬಿಚ್ಚತೊಡಗಿದ. ಇಪ್ಪತ್ತು ವರ್ಷದ ಹೊಲಿಗೆ ತಾಯಂದಿರಾ, ಅವಳ ಕಣ್ಣೆದುರಿಗೇ. ಮೊದಲು ಒಂದು ಹಿಡಿ ಅಕ್ಕಿ ನೆಲಕ್ಕೆ ಸುರಿಯಿತು.

ಮೊದಲ ತುಂಡು ಎತ್ತಿ ಹಿಡಿದರು. ಹಳದಿ. ಯಾರದು ಎಂದು ಮಾಮಲೇದಾರ ಕೇಳಿದ. ಎಲ್ಲರ ಕಣ್ಣೂ ಗೌಡರ ಸೊಸೆ ನೀಲವ್ವನ ಕಡೆ ಹೋಯಿತು. ನೀಲವ್ವ ಫಕ್ಕೀರವ್ವನ ಮುಖ ನೋಡಲಿಲ್ಲ.

"ನಂದಲ್ರಿ," ಎಂದಳು.

ಕೆಂಪು ತುಂಡು ಎತ್ತಿದರು. ನಂದಲ್ರಿ. ಹಸಿರು ಎತ್ತಿದರು. ನಂದಲ್ರಿ. ಹೂವಿನದು, ಪಟ್ಟೆಯದು, ಚುಕ್ಕಿಯದು. ನಂದಲ್ರಿ, ನಂದಲ್ರಿ, ನಂದಲ್ರಿ. ನಲವತ್ತು ತುಂಡಿಗೆ ನಲವತ್ತು ಸಲ. ಕೂಸು ಕಟ್ಟಿಕೊಂಡ ಹೆಂಗಸರು, ಮೂರು ತಿಂಗಳು ಒಳಗೆ ಹಾಕಿದರೆ ಮನೆಯ ಗತಿ ಏನು ಎಂದು ಹೆದರಿದ್ದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಅರ್ಥವಾದರೂ ಹೊಟ್ಟೆ ಉರಿಯುವುದು ನಿಲ್ಲುವುದಿಲ್ಲ. ಕಟ್ಟೆಯ ಮೇಲೆ ಕೂತವಳಿಗೆ ಒಂದೊಂದು ಧ್ವನಿಯೂ ಗುರುತಿನದು. ಯಾರ ಮನೆಯಲ್ಲಿ ಯಾವ ಕೂಸಿಗೆ ಹಾಡಿದ್ದೆ ಎಂದು ನೆನೆಯುತ್ತ ಕಣ್ಣು ಮುಚ್ಚಿ ಕೂತಿದ್ದಳಂತೆ.

ಕೊನೆಗೆ ಒಡಲಿನಲ್ಲಿದ್ದ ನೇರಳೆ ಚೂರು ಹೊರಬಂತು. ಇದು ಯಾರದು ಎಂದರು. ಅದು ಯಾವ ಮನೆಯದೆಂದು ಊರವರಿಗೆ ತಿಳಿದಿರಲಿಲ್ಲ.

"ಅದು ನಂದು."

ಸಾಲಿನ ಹಿಂದಿನಿಂದ ಬಾಳವ್ವ ಬಂದಳು. ಉಟ್ಟ ಸೀರೆಯ ಸೆರಗನ್ನು ಹಿಡಿದು ತಂದಳು. ಬಣ್ಣ ಹೋಗಿ ಬೂದಿಯಾಗಿದ್ದ ಸೀರೆ, ಆದರೆ ಅಂಚಿನ ಹರುಕು ಹಾಗೆಯೇ ಇತ್ತು. ಚೂರನ್ನು ಹರುಕಿಗೆ ಸೇರಿಸಿ ಹಿಡಿದಳು. ಎಳೆಗೆ ಎಳೆ ಕೂಡಿತು.

"ನನ್ನ ಸೀರೀದು ಎಪ್ಪಾ," ಎಂದಳು. "ನನ್ನ ಮಗಳಿಗೆ ಕೊಟ್ಟೀನಿ. ಆಕಿ ನನ್ನ ಮಗಳು."

ಇಪ್ಪತ್ತು ವರ್ಷದಿಂದ ಫಕ್ಕೀರವ್ವ ಆ ಒಂದು ಮಾತಿಗೆ ಬಾವಿಯ ಬಳಿ ಎದ್ದು ಎದ್ದು ನಿಂತಿದ್ದಳು. ಆಗ ಅವಳಿಗೆ ಆ ಹೊಲಿಯದ ಅಂಚು ಕಂಡಿತು. ದಾರ ಏಕೆ ಮುಗಿದಿತ್ತೆಂದು ತಿಳಿಯಿತು. ಎದ್ದು ಓಡಿಹೋಗಿ ತಾಯಿಯ ಕಾಲು ಹಿಡಿಯಬೇಕೆನಿಸಿತು. ಆದರೆ ಕಾರಕೂನ ಲೇಖನಿ ಎತ್ತಿಕೊಂಡಿದ್ದ. ಬಟ್ಟೆ ಕೊಟ್ಟವಳ ಹೆಸರು ಬರೆಯಲು ಕಾದಿದ್ದ. ಎಪ್ಪತ್ತರ ನಾಗೇಂದ್ರವ್ವ ಆ ಚಾವಡಿಯಿಂದ ಬಂದು ಹದಿಮೂರು ದಿನ ಬದುಕಿದ್ದಳು. ಬಾಳವ್ವನೂ ಅಷ್ಟೇ ಮುದುಕಿ.

ಫಕ್ಕೀರವ್ವ ಮುಖ ತಿರುಗಿಸಿದಳು.

"ಈ ಮುದುಕಿ ಯಾರೋ ನನಗ ಗೊತ್ತಿಲ್ರಿ," ಎಂದಳು. "ಆಕೀಗೊಬ್ಬ ಮಗ ಇದ್ನಂತ, ಸತ್ತನಂತ. ಆವಾಗಿಂದ ತಲಿ ಕೆಟ್ಟು ಕಂಡಕಂಡವ್ರಿಗೆಲ್ಲ ಮಗಳು ಅಂತಾಳ. ಆ ಚೂರು ನಾ ಬೇಲಿ ಮ್ಯಾಲಿಂದ ಕದ್ದದ್ದು. ಇವೂ ಅಷ್ಟ, ಎಲ್ಲಾ ತುಂಡೂ ನಾನ ಕದ್ದದ್ದು. ಯಾರೂ ಕೊಟ್ಟಿಲ್ಲ. ಬರ್ಕೋರಿ."

ಕಾರಕೂನ ಬರೆದುಕೊಂಡ. ನಲವತ್ತು ಹೆಂಗಸರು ಕೇಳಿಸಿಕೊಂಡರು. ಒಬ್ಬಳಾದರೂ ಅಲ್ಲ ಎನ್ನಲಿಲ್ಲ. ಹೆಣ್ಣಿನ ಬಟ್ಟೆ ಉಟ್ಟದ್ದಕ್ಕೆ ಒಂದು ವರ್ಷ, ಕದ್ದದ್ದಕ್ಕೆ ಎರಡು ವರ್ಷ ಎಂದು ಮಾಮಲೇದಾರ ಹೇಳಿದ. ಗಾಡಿಯಲ್ಲಿ ಕೂರಿಸಿ ದೂರದ ಸೆರೆಮನೆಗೆ ಒಯ್ದರು. ಗಾಡಿ ತಿರುವು ದಾಟುವವರೆಗೂ ಅವಳು ತಾಯಿಯ ಕಡೆ ನೋಡಲಿಲ್ಲ. ದಾಟಿದ ಮೇಲೆ ಕಾಡೆಲ್ಲ ಕೇಳುವಂತೆ ಅವ್ವಾ ಎಂದು ಕೂಗಿದಳು ಎಂದು ಕೆಲವರು ಹೇಳುತ್ತಾರೆ. ಕೂಗಲಿಲ್ಲ ಎಂದೂ ಹೇಳುತ್ತಾರೆ.

ಮರುದಿನ ಬಾಳವ್ವ ಮೂರು ಹರದಾರಿ ನಡೆದು ಹೋಗಿ ಚಾವಡಿಯ ಮುಂದೆ ಕೂತಳು. ಅದು ನಂದು, ಕದ್ದದ್ದಲ್ಲ, ಕೊಟ್ಟದ್ದು, ಬರ್ಕೋರಿ ಎಂದಳು. ಬೈದು ಕಳಿಸಿದರು. ಅದರ ಮರುದಿನವೂ ಹೋದಳು. ಮಳೆ ಹಿಡಿಯಿತು, ಮಳೆಯಲ್ಲೂ ಹೋದಳು. ಅವಳು ದಿನವೂ ಹಾದುಹೋಗುವುದು ಗೌಡರ ಮನೆಯ ಮುಂದೆಯೇ. ನೀಲವ್ವ ಬಾಗಿಲ ಸಂದಿನಿಂದ ನೋಡುತ್ತಿದ್ದಳಂತೆ. ಆ ಕೂಸು, ಕೌದಿಯಲ್ಲಿ ಬದುಕಿದ ಕೂಸು, ಆಗ ನಾಲ್ಕು ವರ್ಷದ್ದು. ಅವ್ವ, ಆ ಅಜ್ಜಿ ದಿನಾ ಎಲ್ಲಿಗೆ ಹೋಗ್ತಾಳ ಎಂದು ಕೇಳಿತಂತೆ. ನೀಲವ್ವ ಹನ್ನೊಂದು ದಿನ ತಡೆದಳು. ಹನ್ನೆರಡನೆಯ ದಿನ ತಲೆಯ ಮೇಲೆ ಸೆರಗು ಎಳೆದುಕೊಂಡು, ಮಾವ ಕೂಗುತ್ತಿದ್ದರೂ ಕೇಳದೆ ಹೊರಬಿದ್ದು ಬಾಳವ್ವನ ಹಿಂದೆ ನಡೆದಳು. ಚಾವಡಿಯ ಮುಂದೆ ಸಿದ್ದಿ ಹೆಂಗಸಿನ ಪಕ್ಕ ಮಣ್ಣಿನಲ್ಲೇ ಕೂತು, ಹಳದಿ ತುಂಡು ನಂದು, ಅಂದು ನಾನು ಸುಳ್ಳು ಹೇಳಿದೆ ಎಂದಳು.

ಅವಳ ಹಿಂದೆ ಕುಂಬಾರರವಳು ಬಂದಳು. ಅಗಸರವಳು ಬಂದಳು. ತಿಂಗಳು ತುಂಬುವುದರೊಳಗೆ ನಲವತ್ತು ಹೆಂಗಸರು ಕೂಸುಗಳನ್ನು ಕಟ್ಟಿಕೊಂಡು ಚಾವಡಿಯ ಮುಂದೆ ಕೂತರು. ನಮ್ಮನ್ನೂ ಒಳಗೆ ಹಾಕಿ ಎಂದರು. ಆ ಚಾವಡಿಗಿದ್ದದ್ದು ಒಂದೇ ಕೋಣೆ. ಅಡುಗೆ ಮಾಡುವವರಿಲ್ಲದೆ ಊರ ಗಂಡಸರು ಬಂದು ಮಾಮಲೇದಾರನಿಗೆ ಕೈಮುಗಿದರು. ಮಾಮಲೇದಾರ ದಫ್ತರ ಕಟ್ಟಿ ಮೇಲಿನ ಅಟ್ಟಕ್ಕೆ ಹಾಕಿಸಿದ. ಮತ್ತೆ ಅದನ್ನು ಇಳಿಸಲಿಲ್ಲವಂತೆ, ಗೆದ್ದಲು ತಿಂದಿತಂತೆ. ಕಾಯ್ದೆ ಹೋಯಿತೆಂದು ಯಾರೂ ಡಂಗುರ ಸಾರಲಿಲ್ಲ. ಆದರೆ ಉಳಿದ ಜೋಗತಿಯರು ಗೂಟದ ಮೇಲಿನ ತಮ್ಮ ಸೀರೆಗಳನ್ನು ತೆಗೆದುಕೊಂಡು, ಅಲ್ಲಿಯೇ ಉಟ್ಟುಕೊಂಡು, ಹಾಡುತ್ತ ಊರಿಗೆ ಬಂದರು.

ಫಕ್ಕೀರವ್ವನನ್ನು ಬಿಡಿ ಎಂದೂ ಕಾಗದ ಹೋಯಿತು. ಹೋದ ಕಾಗದಕ್ಕೆ ಉತ್ತರ ಬಂತು. ಮಳೆಗಾಲದ ಜ್ವರದಲ್ಲಿ ಆ ಹೆಸರಿನ ಕೈದಿ ತೀರಿಕೊಂಡು ಇಪ್ಪತ್ತು ದಿನವಾಯಿತು, ಅಲ್ಲಿಯೇ ಹೂಳಲಾಗಿದೆ.

ಓದಿ ಹೇಳಿದಾಗ ಬಾಳವ್ವ ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಏನ್ ಉಡಿಸಿ ಕಳಿಸಿದ್ರಂತ?"

ಮಾಮಲೇದಾರ ಕಾಗದ ತಿರುವಿ ನೋಡಿದ. ಅದರಲ್ಲಿ ಬರೆದಿರಲಿಲ್ಲ.

ಹೆಂಗಸರು ಬಿಚ್ಚಿದ ತುಂಡುಗಳನ್ನೆಲ್ಲ ಬಾಚಿಕೊಂಡು ಊರಿಗೆ ತಂದರು. ಬಾಳವ್ವನನ್ನು ನಡುವೆ ಕೂರಿಸಿಕೊಂಡು ಮತ್ತೆ ಹೊಲಿದರು. ಗೌಡರ ಪಡಸಾಲೆಯಲ್ಲಿ ಸಿದ್ದಿಯವಳು ಕೂತು ಹೊಲಿದದ್ದು ಅಂದೇ ಮೊದಲು. ಒಂದೊಂದು ತುಂಡು ಇಡುವಾಗಲೂ ಇಟ್ಟವಳು ಇದು ನಂದು ಎಂದು ಬಾಯಿಬಿಟ್ಟು ಹೇಳಿದಳು. ಬಾಳವ್ವ ತೀರಿಹೋದಾಗ ಅವಳ ಮೇಲೆ ಹೊದಿಸಿದ್ದು ಅದೇ ಕೌದಿ. ಇಂದಿಗೂ ಸಿದ್ದಿಕೇರಿಯಲ್ಲಿ ಹಿರಿಯರ ಪೂಜೆಯ ದಿನ ಒಂದು ಕಲ್ಲಿಗೆ ಹಸಿರು ಸೀರೆ ಉಡಿಸುತ್ತಾರೆ. ಎರಡನೆಯ ಕಲ್ಲಿಗೆ ಕೌದಿ ಉಡಿಸುತ್ತಾರೆ, ನೆರಿಗೆ ಹಿಡಿದು. ಜೋಗತಿಯರು ಬಂದು ಅರಿಶಿನ ಹಚ್ಚುವವರೆಗೆ ಯಾರೂ ಉಣ್ಣುವುದಿಲ್ಲ.

ಮತ್ತೆ ನಾವು, ಈ ಊರಿನ ಹೆಂಗಸರು, ಕೌದಿಗೆ ತುಂಡು ಇಡುವಾಗ ಏನು ಹೇಳುತ್ತೇವೆಂದು ನಿಮಗೆ ಗೊತ್ತು. ಸಣ್ಣವರು ಅದನ್ನು ಆಟವೆಂದುಕೊಂಡಿದ್ದಾರೆ. ಅಂದುಕೊಳ್ಳಲಿ, ಹೇಳುವುದನ್ನು ಮರೆಯದಿದ್ದರೆ ಸಾಕು. ಆ ನೀಲವ್ವ ನಮ್ಮಜ್ಜಿಯ ಅಜ್ಜಿ. ಸಾಯುವವರೆಗೂ ಹಳದಿ ಉಡಲಿಲ್ಲವಂತೆ. ಕೌದಿಯ ಹೊಟ್ಟೆಗೆ ಅಕ್ಕಿ ಬೆಲ್ಲ ಇಟ್ಟಿರಾ? ಸರಿ, ಆ ಚೂರು ಇತ್ತ ಕೊಡು ಮಗಳೇ, ನಾನು ಇಡುತ್ತೇನೆ.

ಇದು ನಂದು. ಗೌಡರ ಮನಿ ನೀಲವ್ವಂದು.